ನವೆಂಬರ್ 1 ಕೇಳಿದರೆ ಜನವರಿ 11: ಎಐ ಸಹಾಯಕಕ್ಕೆ ಕೊಟ್ಟ ಅಂಕಿ-ದಿನಾಂಕ ಟೂಲ್‌ನ ದೋಷ ನಿವಾರಣೆ

ನವೆಂಬರ್ 1ರ ದಿನವಿಶೇಷ ಬರೆದುಕೊಡು ಎಂದು ಕೇಳಿದ್ದಕ್ಕೆ ಎಐ ಸಹಾಯಕ ಕೊಟ್ಟ ಸಾಲು ಇದು: "ನವೆಂಬರ್ 1, 1966: ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ನಿಧನರಾದರು." ಶಾಸ್ತ್ರಿಯವರು ತೀರಿಕೊಂಡದ್ದು 1966ರ ಜನವರಿ 11ರಂದು. ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆಂದು ಮುದ್ರಿಸಿದ ಹಾಳೆಯಲ್ಲಿ ಈ ಸಾಲು ಇತ್ತು. ಸಮಾಜ ವಿಜ್ಞಾನದ ಮೇಷ್ಟ್ರು ಓದಿ ತಡೆದರು. ಅವರು ಅಂದು ರಜೆಯಲ್ಲಿದ್ದಿದ್ದರೆ ರಾಜ್ಯೋತ್ಸವದ ದಿನ ಮಕ್ಕಳು ಅದನ್ನೇ ಕೇಳಿ, ನಂಬಿ, ಬರೆದುಕೊಳ್ಳುತ್ತಿದ್ದರು.

ಈ ತಪ್ಪಿನಲ್ಲಿ ಎಲ್ಲಿಯೂ ಕೆಂಪು ಅಕ್ಷರ ಕಾಣಲಿಲ್ಲ. ಟೂಲ್ ಓಡಿತು, ಉತ್ತರ ಬಂತು, ವಾಕ್ಯ ಸೊಗಸಾಗಿತ್ತು. ಅಂಕಿ-ದಿನಾಂಕಗಳ ಟೂಲ್‌ನಲ್ಲಿ ಹೆದರಬೇಕಾದದ್ದು ಇಂಥ ಸದ್ದಿಲ್ಲದ ದೋಷಗಳಿಗೆ. ಟೂಲ್ ಪೂರ್ತಿ ಕೆಟ್ಟು ನಿಂತರೆ ಯಾರಾದರೂ ಗಮನಿಸುತ್ತಾರೆ, ಸರಿಪಡಿಸುತ್ತಾರೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಸದ್ದಿಲ್ಲದವುಗಳಿಗೇ ಮೀಸಲು.

ವ್ಯವಸ್ಥೆಯ ಪರಿಚಯ ಮೊದಲು. ಒಂದು ಕಡೆ ಭಾಷಾ ಮಾದರಿ, ಅಂದರೆ ನಾವು ಮಾತನಾಡಿಸುವ ಸಹಾಯಕ. ಇನ್ನೊಂದು ಕಡೆ ಸಂಗತಿಗಳನ್ನು ಇಟ್ಟುಕೊಂಡಿರುವ ಸೇವೆ. ಇಲ್ಲಿ ಬಳಸಿದ್ದು ನಂಬರ್ಸ್ ಎಪಿಐ ಎಂಬ ಜಾಲಸೇವೆ. ಅದು ಸಂಖ್ಯೆಯ ಸ್ವಾರಸ್ಯ, ಗಣಿತದ ಗುಣ, ದಿನಾಂಕ, ಇಸವಿ ಎಂದು ನಾಲ್ಕು ಬಗೆಯ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ. ನಡುವೆ ಎಂಸಿಪಿ ಸರ್ವರ್ ಎಂಬ ಪುಟ್ಟ ಪ್ರೋಗ್ರಾಮ್ ಇದೆ; ಸಹಾಯಕ ಕರೆದಾಗ ಸೇವೆಯಿಂದ ಸಂಗತಿ ತಂದುಕೊಡುವ ಅದರ ಸೌಲಭ್ಯವೇ ಟೂಲ್. ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್) ಎಂಬುದು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮುಕ್ತ ನಿಯಮಾವಳಿ. ಸಹಾಯಕ ಮತ್ತು ಟೂಲ್ ನಡುವಿನ ಸಂದೇಶಗಳು ಅದರಲ್ಲಿ ಜೆಸನ್-ಆರ್‌ಪಿಸಿ 2.0 ಎಂಬ ಸಂದೇಶ ರೂಪದಲ್ಲಿ ಓಡಾಡುತ್ತವೆ. ತಪ್ಪು ಈ ಮೂರರಲ್ಲಿ ಎಲ್ಲಿ ಬೇಕಾದರೂ ಹುಟ್ಟಬಹುದು. ಕೊನೆಯ ಉತ್ತರವನ್ನು ಎಷ್ಟು ದಿಟ್ಟಿಸಿದರೂ ಹುಟ್ಟಿದ ಜಾಗ ತಿಳಿಯುವುದಿಲ್ಲ.

ಟೂಲ್ ಕರೆದಿತ್ತೇ, ಇಲ್ಲವೇ?

ತಪ್ಪು ಉತ್ತರ ಕಂಡ ಕೂಡಲೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳಲು ಹೋಗಬೇಡಿ. ಮತ್ತೆ ಕೇಳಿದಾಗ ಸರಿ ಉತ್ತರ ಬಂದುಬಿಟ್ಟರೆ ದೋಷ ಅಡಗಿಕೊಳ್ಳುತ್ತದೆ. ಲಾಗ್, ಅಂದರೆ ನಡೆದದ್ದರ ದಾಖಲೆ, ತೆರೆದು ನೋಡಿ: ಸಹಾಯಕ ಟೂಲ್ ಅನ್ನು ಕರೆದಿತ್ತೇ? ಕರೆದಿದ್ದರೆ ಅದಕ್ಕೆ ಯಾವ ದಿನಾಂಕ ಅಥವಾ ಸಂಖ್ಯೆಯನ್ನು ಕೊಟ್ಟಿತು? ಸೇವೆಯಿಂದ ಹಾಗೆಯೇ ಬಂದ ಪಠ್ಯ ಏನು? ಈ ಮೂರು ಸಿಕ್ಕಿದರೆ ಮುಂದಿನ ದಾರಿ ತಾನೇ ತೆರೆಯುತ್ತದೆ.

ಲಾಗ್ ಇಲ್ಲದ ಕಡೆ ಒಂದು ಸರಳ ಪರೀಕ್ಷೆ ಮಾಡಬಹುದು. ಎಂಸಿಪಿ ಸರ್ವರ್ ಅನ್ನು ಮಾತ್ರ ನಿಲ್ಲಿಸಿ, ಅದೇ ಪ್ರಶ್ನೆ ಕೇಳಿ. ಇಂಟರ್‌ನೆಟ್ ಕಿತ್ತುಹಾಕಿದರೆ ಪ್ರಯೋಜನವಿಲ್ಲ, ಸಹಾಯಕವೇ ಮೂಕವಾಗುತ್ತದೆ. ಸರ್ವರ್ ನಿಂತಿದ್ದರೂ ಅಷ್ಟೇ ಧೈರ್ಯದಿಂದ ಸಂಗತಿ ಹೇಳಿದರೆ, ಅದು ಟೂಲ್ ಮುಟ್ಟದೆ ತರಬೇತಿಯ ನೆನಪಿನಿಂದ ಹೇಳುತ್ತಿದೆ ಎಂದರ್ಥ. ಆಗ ಕೊರತೆ ಇರುವುದು ಟೂಲ್‌ನ ವಿವರಣೆಯಲ್ಲಿ. "ಅಂಕಿಗಳ ಸಂಗತಿ ಕೊಡುತ್ತದೆ" ಎಂಬಷ್ಟು ಬರೆದಿದ್ದರೆ ಯಾವಾಗ ಕರೆಯಬೇಕೆಂದು ಮಾದರಿಗೆ ತಿಳಿಯುವುದಿಲ್ಲ. "ಬಳಕೆದಾರರು ದಿನವಿಶೇಷ, ಇತಿಹಾಸದಲ್ಲಿ ಈ ದಿನ, ಒಂದು ದಿನಾಂಕದ ಮಹತ್ವ ಕೇಳಿದಾಗಲೆಲ್ಲ ಇದನ್ನು ಕರೆ, ನೆನಪಿನಿಂದ ಉತ್ತರಿಸಬೇಡ" ಎಂದು ಬಿಡಿಸಿ ಬರೆಯಬೇಕು. ವಿವರಣೆಯಲ್ಲಿ ಕನ್ನಡದ ಮಾತುಗಳೂ ಇರಲಿ, ಏಕೆಂದರೆ ಪ್ರಶ್ನೆ ಬರುವುದು ಕನ್ನಡದಲ್ಲಿ.

ಟೂಲ್ ಪಟ್ಟಿಯಲ್ಲೇ ಕಾಣದಿದ್ದರೆ

ಇದು ಸದ್ದು ಮಾಡುವ ದೋಷ, ಬೇಗ ಮುಗಿಸೋಣ. ಯಾವ ಸರ್ವರ್ ಓಡಿಸಬೇಕೆಂದು ಸಹಾಯಕದ ಆ್ಯಪ್‌ಗೆ ತಿಳಿಸುವ ಸಂರಚನಾ ಕಡತದಲ್ಲಿ ಕೊನೆಯ ಸಾಲಿನ ನಂತರ ಹೆಚ್ಚುವರಿ ಅಲ್ಪವಿರಾಮ ಉಳಿದಿದೆಯೇ ನೋಡಿ. ಆ ಕಡತದ ಬರಹ ರೂಪವಾದ ಜೆಸನ್ ಅದನ್ನು ಒಪ್ಪುವುದಿಲ್ಲ. ವರ್ಡ್ ಕಡತದಿಂದ ನಕಲಿಸಿದ್ದರೆ ನೇರ ಉದ್ಧರಣ ಚಿಹ್ನೆಗಳು ಬಾಗಿದವಾಗಿ ಬದಲಾಗಿರುತ್ತವೆ, ಅವನ್ನೂ ಒಪ್ಪುವುದಿಲ್ಲ. ಟರ್ಮಿನಲ್‌ನಲ್ಲಿ ಓಡುವ ಸರ್ವರ್ ಸಹಾಯಕದ ಆ್ಯಪ್‌ನಿಂದ ಓಡದಿದ್ದರೆ, ಪ್ರೋಗ್ರಾಮ್‌ನ ಹೆಸರಷ್ಟೇ ಬರೆಯದೆ ಕಂಪ್ಯೂಟರಿನಲ್ಲಿ ಅದು ಇರುವ ಜಾಗದ ಪೂರ್ಣ ವಿಳಾಸ ಕೊಡಿ. ಬದಲಾವಣೆ ಮಾಡಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಆ್ಯಪ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ತೆರೆಯಬೇಕು.

ಇನ್ನೊಂದಿದೆ, ಹೊಸಬರು ಇದರಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಾರೆ. ಸರ್ವರ್ ಅದೇ ಕಂಪ್ಯೂಟರಿನಲ್ಲಿ ಓಡುವಾಗ ಸಂದೇಶಗಳು ಹೋಗುವುದು ಪ್ರೋಗ್ರಾಮ್ ತನ್ನ ಪಠ್ಯ ಹೊರಹಾಕುವ ಮಾಮೂಲು ದಾರಿಯಾದ ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ. ಪರೀಕ್ಷೆಗೆಂದು ಕೋಡ್‌ನಲ್ಲಿ ಹಾಕಿದ ಒಂದು ಪ್ರಿಂಟ್ ಸಾಲು ಕೂಡ ಅದೇ ದಾರಿಯಲ್ಲಿ ನುಗ್ಗಿ ಸಂದೇಶವನ್ನು ಕೆಡಿಸುತ್ತದೆ. ಲಾಗ್‌ಗಳೆಲ್ಲ ದೋಷದ ಮಾತುಗಳಿಗೆಂದು ಇರುವ ಬೇರೆ ದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಬೇಕು. ಎಂಸಿಪಿ ಇನ್ಸ್‌ಪೆಕ್ಟರ್ ಎಂಬ ಉಚಿತ ಸಾಧನ ಇದೆ. ಸಹಾಯಕವನ್ನು ಬದಿಗಿಟ್ಟು ಟೂಲ್ ಅನ್ನು ನೇರವಾಗಿ ಕರೆದು ನೋಡಲು ಅದು ನೆರವಾಗುತ್ತದೆ. ಮುಂದಿನ ಪರೀಕ್ಷೆಗಳಿಗೂ ಅದು ಬೇಕು.

ದಿನ ಮೊದಲೋ, ತಿಂಗಳು ಮೊದಲೋ

ಶಾಸ್ತ್ರಿಯವರ ಸಾಲಿಗೆ ಬರೋಣ. ನಂಬರ್ಸ್ ಎಪಿಐಗೆ ದಿನಾಂಕ ಕೊಡುವ ಕ್ರಮ ತಿಂಗಳು ಮೊದಲು, ದಿನ ಆಮೇಲೆ. ನಾವು ಬರೆಯುವುದು ದಿನ ಮೊದಲು. ಟೂಲ್‌ನಲ್ಲಿ "ದಿನಾಂಕ" ಎಂಬ ಒಂದೇ ಖಾನೆ ಇತ್ತು, ಅದಕ್ಕೆ ಪಠ್ಯ ಕೊಡಬೇಕಿತ್ತು. ಸಹಾಯಕ ನಮ್ಮ ರೂಢಿಯಂತೆ 1/11 ಎಂದು ತುಂಬಿತು. ಸೇವೆ ಅದನ್ನು ಮೊದಲ ತಿಂಗಳ ಹನ್ನೊಂದನೆಯ ದಿನ ಎಂದು ಓದಿತು.

ಹಾಗಾದರೆ ಬಂದ ಪಠ್ಯದಲ್ಲಿ ಜನವರಿ 11 ಎಂದು ಇರಬೇಕಿತ್ತಲ್ಲ, ಸಹಾಯಕ ಏಕೆ ಗಮನಿಸಲಿಲ್ಲ? ಇಲ್ಲಿಯೇ ಎರಡನೆಯ ಕಾರಣ ಇದೆ. ಆ ಸೇವೆಯಲ್ಲಿ ಸಂಗತಿಯನ್ನು ಪೂರ್ಣ ವಾಕ್ಯವಾಗಿ ಪಡೆಯದೆ ತುಣುಕಾಗಿ ಪಡೆಯುವ ಆಯ್ಕೆ ಇದೆ. ತುಣುಕಿನಲ್ಲಿ ಆರಂಭದ ದಿನಾಂಕವನ್ನು ಬಿಟ್ಟುಬಿಡುತ್ತದೆ. ಸರ್ವರ್ ಬರೆದವರು ಉತ್ತರ ಚಿಕ್ಕದಾಗಲೆಂದು ಆ ಆಯ್ಕೆ ಹಾಕಿದ್ದರು. ದಿನಾಂಕವಿಲ್ಲದ ಸಂಗತಿ ಕೈಗೆ ಬಂದಾಗ ಸಹಾಯಕ ತನಗೆ ಕೇಳಿದ್ದ ದಿನಾಂಕವನ್ನೇ ಅದಕ್ಕೆ ಅಂಟಿಸಿತು. ಎರಡರಲ್ಲಿ ಯಾವುದೊಂದು ಇಲ್ಲದಿದ್ದರೂ ತಪ್ಪು ಆ ಹಾಳೆಯವರೆಗೆ ಬರುತ್ತಿರಲಿಲ್ಲ.

ಈ ದೋಷದ ಲೆಕ್ಕಾಚಾರ ಗಮನಿಸಬೇಕು. ದಿನ ಮತ್ತು ತಿಂಗಳು ಎರಡೂ 12ರ ಒಳಗಿರುವ ದಿನಾಂಕಗಳು ವರ್ಷದಲ್ಲಿ 144. ಅದರಲ್ಲಿ 1/1, 2/2 ಮುಂತಾದ 12 ದಿನಾಂಕಗಳು ತಿರುಗಿಸಿದರೂ ಒಂದೇ. ಉಳಿದ 132 ದಿನಾಂಕಗಳಿಗೆ ಸದ್ದಿಲ್ಲದೆ ಬೇರೆ ದಿನದ ಸಂಗತಿ ಬರುತ್ತದೆ. 13ನೆಯ ತಾರೀಖಿನಿಂದಾಚೆ ಮಾತ್ರ ದೋಷ ಕೂಗಿಕೊಳ್ಳುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳು ಇಲ್ಲ. ಅಂದರೆ ತಿಂಗಳ ಮೊದಲ ಹನ್ನೆರಡು ದಿನ ತಪ್ಪು, ಆಮೇಲೆ ಟೂಲ್ ಕೆಟ್ಟಂತೆ ಕಾಣುವುದು: ಈ ಚಿತ್ರ ನಿಮ್ಮ ಲಾಗ್‌ನಲ್ಲಿ ಕಂಡರೆ ಬೇರೆ ಎಲ್ಲಿಯೂ ಹುಡುಕಬೇಕಾಗಿಲ್ಲ.

ಆದರೆ ಕೂಗಬೇಕಾದದ್ದೂ ಕೆಲವೊಮ್ಮೆ ಕೂಗುವುದಿಲ್ಲ. ಇಂಥ ಸರ್ವರ್‌ಗಳನ್ನು ಬರೆಯುವುದು ಹೆಚ್ಚಾಗಿ ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಜಾವಾಸ್ಕ್ರಿಪ್ಟ್‌ನ ದಿನಾಂಕ ವಸ್ತುವಿಗೆ ಇಸವಿ, ತಿಂಗಳು, ದಿನಗಳನ್ನು ಬಿಡಿ ಸಂಖ್ಯೆಗಳಾಗಿ ಕೊಟ್ಟು ಇಪ್ಪತ್ತೊಂಬತ್ತನೆಯ ತಿಂಗಳು ಎಂದರೂ ಅದು ದೂರುವುದಿಲ್ಲ. ಹೆಚ್ಚಾದ ತಿಂಗಳುಗಳನ್ನು ಮುಂದಿನ ವರ್ಷಗಳಿಗೆ ಉರುಳಿಸುತ್ತದೆ. ಡಿಸೆಂಬರ್ 29, ಕುವೆಂಪು ಅವರ ಜನ್ಮದಿನ, ನಮ್ಮಲ್ಲಿ ವಿಶ್ವಮಾನವ ದಿನ. 29/12 ಅನ್ನು ತಿರುಗಿ ಓದಿದರೆ ಅದು ಹೀಗೆ ಉರುಳಿ ಮೇ 12 ಆಗಿ ನಿಲ್ಲುತ್ತದೆ. ಪೈಥಾನ್‌ನ ದಿನಾಂಕ ಸೌಲಭ್ಯ ಇದನ್ನು ಅಲ್ಲಿಯೇ ತಿರಸ್ಕರಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಸರ್ವರ್ ಆದರೆ ತಿಂಗಳು 1ರಿಂದ 12ರ ಒಳಗಿದೆಯೇ ಎಂದು ನೀವೇ ಮೊದಲು ಪರೀಕ್ಷಿಸಬೇಕು. ಫೆಬ್ರವರಿ 29 ಕೂಡ ಇದೇ ಗುಂಪಿನದು: ಅಧಿಕ ವರ್ಷವಲ್ಲದ ಇಸವಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಅದು ಮಾರ್ಚ್ 1 ಆಗುತ್ತದೆ, 1896ರ ಆ ದಿನ ಹುಟ್ಟಿದ ಮೊರಾರ್ಜಿ ದೇಸಾಯಿಯವರು ನಿಮ್ಮ ದಿನವಿಶೇಷದಿಂದ ಮಾಯವಾಗುತ್ತಾರೆ. ಇಸವಿ ಬೇಕಾಗದ ಕಡೆ ಲೆಕ್ಕಕ್ಕೆ 2024ರಂಥ ಅಧಿಕ ವರ್ಷವನ್ನೇ ಇಟ್ಟುಕೊಳ್ಳಿ.

ಪರಿಹಾರ ಹೀಗೆ. "ದಿನಾಂಕ" ಎಂಬ ಒಂದೇ ಖಾನೆಯನ್ನು ತೆಗೆದು ತಿಂಗಳಿಗೊಂದು, ದಿನಕ್ಕೊಂದು ಪ್ರತ್ಯೇಕ ಖಾನೆ ಮಾಡಿ, ಎರಡಕ್ಕೂ ಪೂರ್ಣಾಂಕ ಮಾತ್ರ ಸಲ್ಲುವಂತೆ ಮಿತಿ ಹಾಕಿ. ತುಣುಕಿನ ಆಯ್ಕೆ ತೆಗೆಯಿರಿ. ಸರ್ವರ್ ಹಿಂದಿರುಗಿಸುವ ಪಠ್ಯದ ಮೊದಲಲ್ಲಿ "ಕೇಳಿದ ದಿನ: ನವೆಂಬರ್ 1" ಎಂದು ತಿಂಗಳ ಹೆಸರನ್ನು ಅಕ್ಷರದಲ್ಲೇ ಸೇರಿಸಿ. ಕೇಳಿದ ದಿನ ಒಂದು, ಸಂಗತಿಯ ದಿನ ಇನ್ನೊಂದು ಆಗಿದ್ದರೆ ಮಾದರಿಗೂ ಕಾಣುತ್ತದೆ, ಮೇಷ್ಟ್ರಿಗೂ ಕಾಣುತ್ತದೆ.

ಇಂದು ಎಂದರೆ ಯಾವ ಇಂದು?

"ಇಂದಿನ ವಿಶೇಷ ಹೇಳು" ಎಂದು ನಸುಕಿನಲ್ಲಿ ಕೇಳಿದರೆ ನಿನ್ನೆಯದು ಬರುತ್ತದೆ, ಎಂಟು ಗಂಟೆಗೆ ಕೇಳಿದರೆ ಸರಿಯಾಗಿರುತ್ತದೆ. ಹೀಗಿದ್ದರೆ ಸರ್ವರ್ ಲಂಡನ್ನಿನ ಗ್ರೀನಿಚ್ ಗಡಿಯಾರಕ್ಕೆ ಹೊಂದಿದ ಯುಟಿಸಿ ಸಮಯದಲ್ಲಿ ಓಡುತ್ತಿದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯವರೆಗೆ ಅಲ್ಲಿ ಇನ್ನೂ ನಿನ್ನೆ. ಮಧ್ಯರಾತ್ರಿ ಕಳೆದ ಕೂಡಲೇ ಆ ದಿನದ ಹಾಳೆ ತಯಾರಿಸುವ ಸ್ವಯಂಚಾಲಿತ ಕೆಲಸಗಳು ಇದರಲ್ಲಿ ಖಂಡಿತ ಸಿಲುಕುತ್ತವೆ.

ಇದರ ಒಡಹುಟ್ಟು ಇನ್ನೊಂದು. ಶಿವಮೊಗ್ಗದಲ್ಲಿ ಕುಳಿತು ಜಾವಾಸ್ಕ್ರಿಪ್ಟ್‌ನಲ್ಲಿ ಸ್ಥಳೀಯ ಸಮಯದಂತೆ 1956ರ ನವೆಂಬರ್ 1 ಎಂಬ ದಿನಾಂಕ ಕಟ್ಟಿ, ಅದನ್ನು ಯುಟಿಸಿ ಸಮಯದಲ್ಲಿ ತೋರಿಸುವ ಐಎಸ್‌ಒ ಪಠ್ಯವಾಗಿ ಬದಲಿಸಿದರೆ 1956ರ ಅಕ್ಟೋಬರ್ 31, 18 ಗಂಟೆ 30 ನಿಮಿಷ ಎಂದು ಬರುತ್ತದೆ. ಆ ಪಠ್ಯದ ಮೊದಲ ಭಾಗವನ್ನಷ್ಟೇ ಕತ್ತರಿಸಿ ಸೇವೆಗೆ ಕಳಿಸಿದವರಿಗೆ ಏಕೀಕರಣ ಒಂದು ದಿನ ಮುಂಚೆಯೇ ಆಗಿಹೋಗುತ್ತದೆ. ದಿನವಿಶೇಷಕ್ಕೆ ಗಂಟೆ-ನಿಮಿಷಗಳೇ ಬೇಡ. ತಿಂಗಳು ಮತ್ತು ದಿನಗಳನ್ನು ಬರೀ ಸಂಖ್ಯೆಗಳಾಗಿ ಒಯ್ಯಿರಿ. "ಇಂದು" ಬೇಕಾದ ಒಂದೇ ಕಡೆ ಏಷ್ಯಾ-ಕೋಲ್ಕತಾ ಸಮಯವಲಯವನ್ನು ಸ್ಪಷ್ಟವಾಗಿ ಹೆಸರಿಸಿ.

ಕನ್ನಡ ಅಂಕಿಗಳು

ನಮ್ಮ ಬಳಕೆದಾರರು ೧೧ ಎಂದೂ ಬರೆಯುತ್ತಾರೆ, 11 ಎಂದೂ ಬರೆಯುತ್ತಾರೆ. ಎರಡೂ ನಡೆಯಬೇಕು, ಕನ್ನಡದ ಶಾಲೆಯಲ್ಲಿ ಕನ್ನಡ ಅಂಕಿ ಬರೆದವರಿಗೆ "ತಪ್ಪು ಸಂಖ್ಯೆ" ಎಂಬ ಉತ್ತರ ಬರಬಾರದು. ಇದನ್ನು ಸಣ್ಣ ವಿಷಯವೆಂದು ನಾನು ಒಪ್ಪುವುದಿಲ್ಲ.

ಜಾವಾಸ್ಕ್ರಿಪ್ಟ್‌ಗೆ ೧೧ ಕೊಟ್ಟು ಸಂಖ್ಯೆಯಾಗಿಸು ಎಂದರೆ "ಸಂಖ್ಯೆಯಲ್ಲ" ಎನ್ನುತ್ತದೆ. ಪೈಥಾನ್ ಅದನ್ನು ಹನ್ನೊಂದು ಎಂದೇ ಓದುತ್ತದೆ. ಹಾಗೆಂದು ಪೈಥಾನ್ ಬಳಸಿದವರು ನಿಶ್ಚಿಂತರಾಗುವಂತಿಲ್ಲ. ಪರೀಕ್ಷೆಗೆ ಮಾತ್ರ ಸಂಖ್ಯೆಯಾಗಿಸಿ, ಸೇವೆಯನ್ನು ಕರೆಯುವ ಜಾಲ ವಿಳಾಸ ಕಟ್ಟುವಾಗ ಬಳಕೆದಾರರ ಮೂಲ ಪಠ್ಯವನ್ನೇ ಹಾಕಿದ್ದರೆ ಕನ್ನಡ ಅಂಕಿ ಹಾಗೆಯೇ ಸೇವೆಗೆ ಹೋಗುತ್ತದೆ. ಅಲ್ಲಿ ಒಂದೊಂದು ಅಂಕಿಯೂ ಯುಟಿಎಫ್-8 ಎಂಬ ಅಕ್ಷರ ಸಂಕೇತದ ಮೂರು ಬೈಟ್‌ಗಳಾಗಿ, ಶೇಕಡಾ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪರೀಕ್ಷೆ ದಾಟಿದ ಮೇಲೂ ಸೇವೆ ನಿರಾಕರಿಸುತ್ತಿದ್ದರೆ ಲಾಗ್‌ನ ವಿಳಾಸದಲ್ಲಿ ಇಂಥ ಶೇಕಡಾ ಸಾಲುಗಳನ್ನು ಹುಡುಕಿ. ಸಂಖ್ಯೆಯಾಗಿಸಿ, ಆ ಸಂಖ್ಯೆಯಿಂದಲೇ ವಿಳಾಸ ಕಟ್ಟಿದರೆ ಸರಿಹೋಗುತ್ತದೆ. ಟೂಲ್‌ನ ಖಾನೆಗೆ ಪೂರ್ಣಾಂಕ ಎಂಬ ಬಗೆಯನ್ನು ನಿಗದಿ ಮಾಡಿದರೆ ಇನ್ನೂ ಒಳ್ಳೆಯದು: ಜೆಸನ್‌ನಲ್ಲಿ ಸಂಖ್ಯೆಗೆ 0ಯಿಂದ 9ರ ಅಂಕಿಗಳು ಮಾತ್ರ ಸಲ್ಲುವುದರಿಂದ ಪರಿವರ್ತನೆಯ ಕೆಲಸ ಮಾದರಿಯ ಪಾಲಿಗೆ ಬೀಳುತ್ತದೆ, ಅದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಕಣ್ಣಿಗೆ ಕಾಣದ ಒಂದು ತೊಡಕು ಹಳೆಯ ಕಡತಗಳದು. ಬೆರಳಚ್ಚಿನಲ್ಲಿ ಸೊನ್ನೆಯ ಜಾಗಕ್ಕೆ ಅನುಸ್ವಾರ ಬಿದ್ದಿರುತ್ತದೆ. ನೋಡಲು ಎರಡೂ ಒಂದೇ ವೃತ್ತ, ಯುನಿಕೋಡ್‌ನಲ್ಲಿ ಬೇರೆ ಬೇರೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನ ಪಠ್ಯವಾದರೆ ಅಂಟಿಸಿದ ಕೂಡಲೇ ವಿಚಿತ್ರ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಸಹಾಯಕಕ್ಕೆ ಕೊಡಲೇಬಾರದು.

ಲಕ್ಷದ ಅಲ್ಪವಿರಾಮವನ್ನೂ ನೋಡಿಕೊಳ್ಳಿ. 1,00,000 ಎಂಬ ಪಠ್ಯವನ್ನು, ಪಠ್ಯದಿಂದ ಸಂಖ್ಯೆ ತೆಗೆಯುವ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಮೊದಲ ಅಲ್ಪವಿರಾಮಕ್ಕೇ ನಿಲ್ಲಿಸಿ 1 ಎಂದು ಕೊಡುತ್ತದೆ. ಲಕ್ಷದ ಬಗ್ಗೆ ಕೇಳಿದವರಿಗೆ ಒಂದರ ಬಗ್ಗೆ ಉತ್ತರ ಬರುತ್ತದೆ, ಯಾವ ಎಚ್ಚರಿಕೆಯೂ ಇರುವುದಿಲ್ಲ.

ಸಂಗತಿಯೇ ಇಲ್ಲದಾಗ ಸಂಗತಿ ಹುಟ್ಟುವುದು

ಎಲ್ಲ ಸಂಖ್ಯೆಗಳಿಗೂ ಸ್ವಾರಸ್ಯ ದಾಖಲಾಗಿರುವುದಿಲ್ಲ. ಅಂಥದ್ದನ್ನು ಕೇಳಿದರೆ ನಂಬರ್ಸ್ ಎಪಿಐ ದೋಷ ಸಂಕೇತ ಕೊಡದೆ, ಈ ಸಂಖ್ಯೆಯಲ್ಲಿ ವಿಶೇಷವೇನಿಲ್ಲ ಎಂಬರ್ಥದ ಒಂದು ಸಿದ್ಧ ವಾಕ್ಯ ಕೊಡುತ್ತದೆ. ಜೆಸನ್ ರೂಪದಲ್ಲಿ ಕೇಳಿದ್ದರೆ ಜೊತೆಗೆ "ಫೌಂಡ್" (ಸಿಕ್ಕಿತೇ) ಎಂಬ ಗುರುತಿನಲ್ಲಿ "ಇಲ್ಲ" ಎಂದಿರುತ್ತದೆ. ಸರ್ವರ್ ಆ ಗುರುತನ್ನು ಬಿಟ್ಟು ಪಠ್ಯವನ್ನಷ್ಟೇ ದಾಟಿಸಿದರೆ, ಬಳಕೆದಾರರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲದ ಸಹಾಯಕ ತನ್ನ ಕಡೆಯಿಂದ ಏನಾದರೂ ಸೇರಿಸುತ್ತದೆ. ಹಾಗೆ ಸೇರಿಸಿದ್ದು ಟೂಲ್‌ನಿಂದ ಬಂದ ಮಾತಿನಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ.

ಇದಕ್ಕಿಂತ ಕಪಟವಾದದ್ದು, ಸಿಗದಿದ್ದಾಗ ಹತ್ತಿರದ ಸಂಖ್ಯೆಗೆ ಹೋಗು ಎಂಬ ಆಯ್ಕೆ. ಅದನ್ನು ಹಾಕಿದ್ದರೆ ಕೇಳಿದ ಸಂಖ್ಯೆಗಿಂತ ಕೆಳಗಿನ ಅಥವಾ ಮೇಲಿನ ಬೇರೊಂದು ಸಂಖ್ಯೆಯ ಸಂಗತಿ ಬರುತ್ತದೆ. ಉತ್ತರದ ಜೆಸನ್‌ನಲ್ಲಿ ಯಾವ ಸಂಖ್ಯೆಯದೆಂದು ಸೇವೆ ಪ್ರಾಮಾಣಿಕವಾಗಿ ಹೇಳಿರುತ್ತದೆ. ಹೋಲಿಸಿ ನೋಡಬೇಕಾದದ್ದು ನಮ್ಮ ಸರ್ವರ್. ಕೇಳಿದ ಸಂಖ್ಯೆ, ಬಂದ ಸಂಖ್ಯೆ ಬೇರೆಯಾದರೆ ಸಂಗತಿಯನ್ನು ಎಸೆದುಬಿಡಿ. ಸಹಾಯಕಕ್ಕೆ ಕೊಡಬೇಕಾದ ಪಠ್ಯ ನೇರವಾಗಿರಲಿ: "ಈ ಸಂಖ್ಯೆಗೆ ಸಂಗತಿ ಸಿಗಲಿಲ್ಲ. ಸಿಗಲಿಲ್ಲ ಎಂದೇ ತಿಳಿಸು."

ಗಣಿತದ ಸಂಗತಿಗಳಲ್ಲಿ ನಮಗೆ ಒಂದು ಅನುಕೂಲವಿದೆ, ಅವನ್ನು ಅಲ್ಲಿಯೇ ತಾಳೆ ನೋಡಬಹುದು. 1729 ಎಂದರೆ 1 ಮತ್ತು 12ರ ಘನಗಳ ಮೊತ್ತ, 9 ಮತ್ತು 10ರ ಘನಗಳ ಮೊತ್ತವೂ ಹೌದು. ಡಿ. ಆರ್. ಕಾಪ್ರೇಕರ್ ಅವರ 6174ಕ್ಕೆ, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದ ಸಂಖ್ಯೆಯಿಂದ ಏರಿಕೆಯ ಕ್ರಮದಲ್ಲಿ ಬರೆದದ್ದನ್ನು ಮತ್ತೆ ಮತ್ತೆ ಕಳೆಯುತ್ತ 3524ರಿಂದ ಹೊರಟರೆ 3087, 8352, 6174 ಎಂದು ಮೂರೇ ಹೆಜ್ಜೆ. ಇವುಗಳಿಗೆ ಸಹಾಯಕದ ಮಾತನ್ನು ನಂಬಬೇಕಾಗಿಯೇ ಇಲ್ಲ; ಮಕ್ಕಳೇ ಹಲಗೆಯ ಮೇಲೆ ಮಾಡಿ ನೋಡಲಿ. ದಿನಾಂಕದ ಸಂಗತಿಗಳಿಗೆ ಈ ಸೌಲಭ್ಯವಿಲ್ಲದ್ದರಿಂದಲೇ ಅಲ್ಲಿ ಇಷ್ಟು ಕಾವಲು.

ಶಕವರ್ಷ ಮತ್ತು ಇಸವಿ

ಕೆಳದಿ, ಇಕ್ಕೇರಿ, ಬಳ್ಳಿಗಾವಿಯ ಶಾಸನಗಳನ್ನು ಓದುವವರು ಸಹಾಯಕವನ್ನು ಕೇಳುವ ಪ್ರಶ್ನೆಗಳಲ್ಲಿ ಶಕವರ್ಷ ಸಾಮಾನ್ಯ. "ಶಕ 1567ರ ವಿಶೇಷವೇನು" ಎಂದರೆ ಟೂಲ್‌ಗೆ 1567 ಎಂಬ ಇಸವಿ ಹೋಗುತ್ತದೆ, ಆ ವರ್ಷದ ಯುರೋಪಿನ ಯಾವುದೋ ಸಂಗತಿ ಬರುತ್ತದೆ. ಶಕವರ್ಷಕ್ಕೆ 78 ಕೂಡಿಸಬೇಕು, ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಿಗೆ 79. ಹಾಗೆ ನೋಡಿದರೆ ಶಕ 1567 ಎಂದರೆ 1645-46, ಕೆಳದಿಯ ಶಿವಪ್ಪ ನಾಯಕನ ಆಳ್ವಿಕೆ ಶುರುವಾದ ಕಾಲ. ಶಾಸನದಲ್ಲಿ ಗತವರ್ಷ, ವರ್ತಮಾನ ವರ್ಷ ಎಂಬ ಭೇದದಿಂದ ಒಂದು ವರ್ಷ ಆಚೀಚೆ ಆಗುವುದುಂಟು; ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ, 1645-46 ಪಾರ್ಥಿವ ಸಂವತ್ಸರ. ಇಸವಿ ಖಾನೆಯ ವಿವರಣೆಯಲ್ಲಿ "ಕ್ರಿಸ್ತಶಕ ಮಾತ್ರ; ಶಕವರ್ಷ ಕೊಟ್ಟರೆ ಮೊದಲು ಪರಿವರ್ತಿಸು, ಪರಿವರ್ತಿಸಿದ್ದನ್ನು ಉತ್ತರದಲ್ಲಿ ತಿಳಿಸು" ಎಂದು ಬರೆಯಿರಿ.

ಮಳೆಗಾಲದ ದೋಷ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ಆಗುಂಬೆ ಕಡೆ ವಿದ್ಯುತ್ ಹೋದರೆ ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುವುದು ಮಾಮೂಲು. ಅರ್ಧ ಸಿಗ್ನಲ್ ಇರುವಾಗ ಟೂಲ್ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತದೆ. ಕೆಲವು ಸೆಕೆಂಡುಗಳ ಕಾಲಮಿತಿ ಹಾಕಿ, ಮೀರಿದರೆ ಟೂಲ್‌ನ ಫಲಿತಾಂಶದಲ್ಲೇ ದೋಷದ ಗುರುತು ಹಚ್ಚಿ ಕಳಿಸಿ. ಎಂಸಿಪಿ ಇದಕ್ಕೆ ಅವಕಾಶ ಕೊಟ್ಟಿದೆ, ಆಗ ಸಹಾಯಕಕ್ಕೆ ಏನಾಯಿತೆಂದು ತಿಳಿಯುತ್ತದೆ.

ಆದರೆ ನನ್ನ ಸಲಹೆ ಬೇರೆ. ದಿನಾಂಕಗಳು 366 ಮಾತ್ರ. ಬೇಸಿಗೆಯಲ್ಲೇ ಅಷ್ಟನ್ನೂ ಒಮ್ಮೆ ತರಿಸಿ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಇಡಿ; ಟೂಲ್ ಮೊದಲು ಅದನ್ನೇ ಓದಲಿ. ಆ ಕಡತವನ್ನು ಮೇಷ್ಟ್ರುಗಳು ಹಂಚಿಕೊಂಡು ತಿದ್ದಬಹುದು, ನಮ್ಮವನ್ನು ಸೇರಿಸಬಹುದು. ಹೊರಗಿನ ಸೇವೆಗಳಲ್ಲಿ ನಮ್ಮ ನೆಲದ ಸಂಗತಿಗಳನ್ನು ನಿರೀಕ್ಷಿಸುವಂತಿಲ್ಲ. ಡಿಸೆಂಬರ್ 29ಕ್ಕೆ 1904ರಲ್ಲಿ ಕುವೆಂಪು, ಡಿಸೆಂಬರ್ 21ಕ್ಕೆ 1932ರಲ್ಲಿ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ, ನವೆಂಬರ್ 1ಕ್ಕೆ 1956ರ ಏಕೀಕರಣ, 1973ರಲ್ಲಿ ರಾಜ್ಯ ಕರ್ನಾಟಕವಾದದ್ದು, 2014ರಲ್ಲಿ ಊರಿನ ಹೆಸರು ಅಧಿಕೃತವಾಗಿ ಶಿವಮೊಗ್ಗವಾದದ್ದು ಇವೆಲ್ಲ ಆ ಕಡತದಲ್ಲಿರಬೇಕು. 1942ರ ಈಸೂರು, 1951ರ ಕಾಗೋಡು ಹೋರಾಟಗಳು ಇಸವಿಯ ಖಾನೆಗೆ ಸೇರುತ್ತವೆ.

ತಿದ್ದಿದ ಮೇಲಿನ ಪರೀಕ್ಷೆ

ಪರೀಕ್ಷೆಗೆ 10/10, 12/12 ಇಂಥವನ್ನು ಆರಿಸಬೇಡಿ. ಕ್ರಮ ತಿರುಗಿದ್ದರೂ ಅವು ಸರಿಯೆಂದೇ ತೋರಿಸುತ್ತವೆ. ನವೆಂಬರ್ 1, ಡಿಸೆಂಬರ್ 29, ಫೆಬ್ರವರಿ 29, ಕನ್ನಡದಲ್ಲಿ ಬರೆದ ೧೧ ಮತ್ತು ೧೦, ಅಲ್ಪವಿರಾಮ ಸಹಿತ 1,00,000, ಸಂಗತಿ ಇಲ್ಲದ ಒಂದು ದೊಡ್ಡ ಸಂಖ್ಯೆ, ಶಕ 1567 ಇವನ್ನು ಮೊದಲು ಇನ್ಸ್‌ಪೆಕ್ಟರ್‌ನಲ್ಲಿ ನೇರವಾಗಿ, ಆಮೇಲೆ ಸಹಾಯಕದ ಮೂಲಕ ಕನ್ನಡದಲ್ಲಿ ಕೇಳಿ. ನೇರ ಕರೆ ಸರಿ ಇದ್ದು ಸಹಾಯಕದ ಉತ್ತರ ತಪ್ಪಾದರೆ ವಿವರಣೆಯನ್ನು ತಿದ್ದಿ. ಎರಡೂ ತಪ್ಪಾದರೆ ಸರ್ವರ್ ಕೋಡ್ ತಿದ್ದಿ. ಸರ್ವರ್ ಬದಲಿಸಿದಾಗ ಮಾತ್ರವಲ್ಲ, ಸಹಾಯಕದ ಹೊಸ ಆವೃತ್ತಿ ಬಂದಾಗಲೂ ಈ ಪಟ್ಟಿಯನ್ನು ಮತ್ತೆ ಓಡಿಸಬೇಕು, ಏಕೆಂದರೆ ಖಾನೆ ತುಂಬುವ ರೀತಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.